ಅಂಗಡಿಗೆ ಗುರುವನ್ನು ಆರಿಸುವಾಗ



ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಪ್ರಯಾಣಿಕರನ್ನು ಹೊತ್ತ ಮೊದಲ ವಿಮಾನ ಅಲ್ಲಿ ಬಂದಿಳಿಯಿತು. ಅಂದಿನಿಂದ ಶಿವಮೊಗ್ಗ, ಭದ್ರಾವತಿಗಳ ವರ್ತಕ ಮನೆತನಗಳಲ್ಲಿ ಹೊಸ ಆಸೆಗಳು ಚಿಗುರಿರುವುದನ್ನು ನಾವು ಕಂಡಿದ್ದೇವೆ. ಅಂಗಡಿಯನ್ನು ವಿಸ್ತರಿಸಬೇಕು, ಕೆಲಸದವರಿಗೆ ಮಾರಾಟದ ತರಬೇತಿ ಕೊಡಿಸಬೇಕು ಎಂಬ ಮಾತು ಈಗ ಮನೆಮನೆಗಳಲ್ಲಿ ಕೇಳಿಬರುತ್ತಿದೆ. ಆಸೆ ತಪ್ಪಲ್ಲ. ಆದರೆ ಕಲಿಸಲು ಬರುವವನು ಯಾರು ಎಂಬುದನ್ನು ವಿಚಾರಿಸದೆ ಹಣ ಎಣಿಸುವುದು ತರವಲ್ಲ.

ಸೋಗಾನೆಯ ಕಡೆಯ ನಮ್ಮ ಪರಿಚಯದ ಗೃಹಸ್ಥರೊಬ್ಬರದು ಬಟ್ಟೆಯ ಅಂಗಡಿ. ಕೆಲಸಕ್ಕೆ ಆರು ಜನ, ಎಲ್ಲರೂ ಸುತ್ತಲ ಹಳ್ಳಿಗಳ ಮಕ್ಕಳು. ತರಬೇತುದಾರನೊಬ್ಬನನ್ನು ಕರೆಸಿ ಎರಡು ದಿನ ಪಾಠ ಮಾಡಿಸಿದರು. ಬಂದ ಗಿರಾಕಿ ಬರಿಗೈಯಲ್ಲಿ ಹೋಗಕೂಡದು ಎಂಬುದೇ ಆ ಪಾಠದ ಸಾರ. ಆ ತಿಂಗಳು ವ್ಯಾಪಾರ ಹೆಚ್ಚಿತು. ಮರುತಿಂಗಳು ತಾಯಿಯೊಬ್ಬರು ಮಗಳ ಮದುವೆಗೆ ಸೀರೆ ಕೊಳ್ಳಲು ಬಂದರು. ಬಣ್ಣ ಬಿಡುವುದೇ ಎಂದು ಕೇಳಿದರು. ಕೆಲಸದ ಹುಡುಗಿಗೆ ತಿಳಿಯದು. ಆದರೂ ಬಿಡುವುದಿಲ್ಲ ಎಂದಳು. ಮೊದಲ ಒಗೆತಕ್ಕೇ ಸೆರಗಿನ ಕೆಂಪು ಒಡಲಿಗೆಲ್ಲ ಹರಡಿತು. ಸೀರೆಯನ್ನು ಹಿಡಿದು ಬಂದ ಆ ತಾಯಿಗೆ, ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ದೊರೆಯಿತು. ಮೂರು ತಲೆಮಾರಿನಿಂದ ಅಲ್ಲಿಯೇ ಬಟ್ಟೆ ಕೊಳ್ಳುತ್ತಿದ್ದ ಮನೆಯದು. ಮತ್ತೆ ಅವರು ಅತ್ತ ಸುಳಿಯಲಿಲ್ಲ.

"ಹಿರಿಯರೇ, ಬೇರೆ ತರಬೇತುದಾರರನ್ನು ಕರೆಸಬೇಕೆಂದಿದ್ದೇನೆ. ಎಂಥವರನ್ನು ಆರಿಸಲಿ?" ಎಂದು ಆ ಗೃಹಸ್ಥರು ಕೇಳಿದರು. ನಾವು ಹೇಳಿದುದನ್ನು ಇಲ್ಲಿ ಓದುಗರ ಮುಂದಿಡುತ್ತೇವೆ.

ಪಾಠಕ್ಕೆ ಮೊದಲು ಒಂದು ದಿನ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡಲು ಒಪ್ಪುವವನನ್ನು ಆರಿಸಿರಿ. ಗಿರಾಕಿ ಏನು ಕೇಳಿದರು, ಏಕೆ ಕೊಳ್ಳದೆ ಹೋದರು, ಯಾವ ಮಾಲು ದೂರಾಗಿ ಹಿಂದೆ ಬಂತು ಎಂಬುದನ್ನು ಅರಿಯದವನು ಯಾವ ಅಂಗಡಿಗಾದರೂ ಒಂದೇ ಪಾಠವನ್ನು ಒಪ್ಪಿಸುತ್ತಾನೆ. ಅವನು ಹಿಂದೆ ಕಲಿಸಿದ ಅಂಗಡಿಗೆ ಹೋಗಿ ಯಜಮಾನರನ್ನು ಮಾತ್ರವಲ್ಲ, ಅಲ್ಲಿ ದುಡಿಯುವವರನ್ನೂ ವಿಚಾರಿಸಿರಿ. ನಿಮ್ಮ ಕೆಲಸದವರ ಕನ್ನಡದಲ್ಲಿ ಅವನು ಮಾತನಾಡಬಲ್ಲನೇ ನೋಡಿರಿ. ಎರಡು ದಿನದ ಭಾಷಣಕ್ಕಿಂತ ವಾರಕ್ಕೊಂದು ಗಂಟೆಯಂತೆ ಕೆಲವು ವಾರ ನಡೆಯುವ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ. ಚಿಲ್ಲರೆ ವ್ಯಾಪಾರದ ಕೌಶಲಗಳಿಗೆ ಮಟ್ಟವನ್ನು ಗೊತ್ತುಪಡಿಸುವ ರಿಟೇಲರ್ಸ್ ಅಸೋಸಿಯೇಷನ್ಸ್ ಸ್ಕಿಲ್ ಕೌನ್ಸಿಲ್ ಆಫ್ ಇಂಡಿಯಾ ಎಂಬ ಸಂಸ್ಥೆಯೂ ಇದೆ. ಅದರ ಪ್ರಮಾಣಪತ್ರವಿದ್ದರೆ ಒಳಿತೇ. ಆದರೆ ಕಾಗದವೊಂದೇ ಸಾಲದು.

ಎಲ್ಲಕ್ಕಿಂತ ಮಿಗಿಲಾಗಿ ಅವನನ್ನು ಹೀಗೆ ಕೇಳಿರಿ: ತನಗೆ ತಿಳಿಯದುದನ್ನು ಗಿರಾಕಿ ಕೇಳಿದಾಗ ಕೆಲಸದವನು ಏನು ಹೇಳಬೇಕು? ಜಾಣತನದ ಉತ್ತರವೊಂದನ್ನು ಕಲಿಸುವವನು ನಿಮಗೆ ಬೇಡ. ತಿಳಿಯದು, ವಿಚಾರಿಸಿ ಹೇಳುತ್ತೇನೆ ಎನ್ನುವುದನ್ನು ಕಲಿಸುವವನು ಬೇಕು. ಅವನ ಪಾಠದ ಫಲವನ್ನು ಆ ತಿಂಗಳ ಗಲ್ಲಾಪೆಟ್ಟಿಗೆಯಿಂದ ಅಳೆಯದೆ, ಹಿಂದೆ ಬಂದ ಮಾಲಿನಿಂದಲೂ ಮರಳಿ ಬಂದ ಗಿರಾಕಿಯಿಂದಲೂ ಅಳೆಯಿರಿ.

ಹಗ್ಗ ಹೊಸೆದು ಬದುಕಿದ ಶರಣ ನುಲಿಯ ಚಂದಯ್ಯನವರ ಕಥೆ ನಮ್ಮ ಮನೆಗಳಿಗೆ ಹೊಸತಲ್ಲ. ಲಿಂಗವೇ ಅವರ ಹಗ್ಗವನ್ನು ಮಾರಲು ಹೋಗಿ ಬೆಲೆಗೆ ಮೀರಿದ ಹೊನ್ನನ್ನು ತಂದಾಗ ಅವರು ಅದನ್ನು ಒಪ್ಪಲಿಲ್ಲವೆಂದು ಶರಣಚರಿತೆ ಹೇಳುತ್ತದೆ. ಮಾರಿ ಬಂದವನಿಗೆ ಹೆಚ್ಚು ತಂದೆಯೆಂಬ ಹೊಗಳಿಕೆ ಸಿಗಲಿಲ್ಲ. ಏಕೆ ಹೆಚ್ಚು ತಂದೆ ಎಂಬ ಪ್ರಶ್ನೆ ಎದುರಾಯಿತು. ಮಾರಾಟದ ಪಾಠ ಯಜಮಾನನಿಂದಲೇ ಆರಂಭವಾಗುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದುದರಿಂದ ನಾವು ಆ ಗೃಹಸ್ಥರನ್ನು ಕೇಳಿದೆವು: "ಸೀರೆಯ ಹಣವನ್ನು ಹಿಂದಿರುಗಿಸಿದಿರಾ?" ಅವರು ತಲೆ ತಗ್ಗಿಸಿದರು. ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ ಎಂಬ ಅಪ್ಪಣೆ ಅವರದೇ ಆಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ, ಹುಡುಗಿ ಸುಳ್ಳಾಡಿದಳೆಂದು ಗದರಿದ ಯಜಮಾನರು ಆ ಸುಳ್ಳಿನ ಲಾಭವನ್ನು ಮಾತ್ರ ಇಟ್ಟುಕೊಂಡಿದ್ದರು. ಇಂಥಲ್ಲಿ ಯಾವ ತರಬೇತುದಾರ ಬಂದು ಏನು ಕಲಿಸಿಯಾನು?

ಮರುದಿನ ಅವರು ಹುಡುಗಿಯನ್ನೂ ಕರೆದುಕೊಂಡು ಆ ಮನೆಗೆ ಹೋಗಿ, ತಪ್ಪು ನಮ್ಮದೆಂದು ಹೇಳಿ ಹಣ ಕೊಟ್ಟು ಬಂದರು. ಆ ತಾಯಿ ಇನ್ನೂ ಅಂಗಡಿಗೆ ಬಂದಿಲ್ಲ. ಆದರೆ ಹುಡುಗಿ ಈಗ ತಿಳಿಯದುದನ್ನು ತಿಳಿಯದೆಂದೇ ಹೇಳುತ್ತಾಳಂತೆ. ಹೊಸ ತರಬೇತುದಾರರ ಪಾಠಕ್ಕೆ ಯಜಮಾನರೂ ಕೆಲಸದವರ ಸಾಲಿನಲ್ಲಿಯೇ ಕುಳಿತುಕೊಳ್ಳಲಿದ್ದಾರೆ.