ಕಪ್ಪು ಕೋಟು ಯಾರ ಕಡೆ?



ಬಜಪೆ ಅಂದರೆ ಹೊರಗಿನವರಿಗೆ ವಿಮಾನ. 1951ರಲ್ಲಿ ಗುಡ್ಡದ ಮೇಲೆ ವಿಮಾನ ಇಳೀತು. ಆಮೇಲೆ ಪಕ್ಕದಲ್ಲೇ ಎಂ.ಆರ್.ಪಿ.ಎಲ್. ಎದ್ದಿತು. ಅದರ ಬೆನ್ನಿಗೆ ವಿಶೇಷ ಆರ್ಥಿಕ ವಲಯ ಅಂತ ಕಳವಾರು, ಪೆರ್ಮುದೆ, ಕುತ್ತೆತ್ತೂರು, ಎಕ್ಕಾರಿನ ಗದ್ದೆಗಳಿಗೆ ಸರ್ವೆ ಸರಪಳಿ ಬಿತ್ತು. ಜನ ಎದ್ದು ನಿಂತದ್ದರಿಂದ 2011ರಲ್ಲಿ ಎರಡನೇ ಹಂತದ ಎರಡು ಸಾವಿರ ಎಕರೆಗೂ ಮೀರಿದ ಭೂಮಿಯನ್ನು ಸರ್ಕಾರ ಕೈಬಿಡಬೇಕಾಯ್ತು. ಇದು ದೊಡ್ಡ ಗೆಲುವು, ಒಪ್ಪುತ್ತೇವೆ. ಆದರೆ ಆ ಗದ್ದೆಗಳಲ್ಲಿ ನೇಜಿ ನೆಟ್ಟವರ ಹೆಸರು ಯಾವ ಆರ್.ಟಿ.ಸಿ.ಯಲ್ಲಿತ್ತು? ಭೂಮಿ ಹೋದರೆ ಒಡೆಯನಿಗೆ ನೋಟೀಸು, ಉಳಿದರೆ ಒಡೆಯನಿಗೆ ಗದ್ದೆ. ಕೂಲಿಯವನಿಗೆ ಎರಡು ಸಲವೂ ಸುದ್ದಿ ಮಾತ್ರ.

ಇವತ್ತು ಪರಿಸರ ಕಾನೂನು ಅನ್ನೋದು ಒಂದು ಒಳ್ಳೇ ಕಸುಬು. ಕಂಪೆನಿ ಬರುವ ಮೊದಲು ಅದರ ವಕೀಲ ಬರ್ತಾನೆ. ಅವನ ಹಿಂದೆ ಸಲಹೆಗಾರ, ದಪ್ಪ ವರದಿ, ಇಂಗ್ಲಿಷು. ಯಾವ ಅನುಮತಿ ಎಲ್ಲಿ ಸಿಗುತ್ತೆ, ಯಾವ ಷರತ್ತಿಗೆ ಹೇಗೆ ಉತ್ತರ ಬರೀಬೇಕು, ಎಲ್ಲ ಅವನಿಗೆ ಗೊತ್ತು. ಅವನ ಮೇಲೆ ನಮಗೆ ಸಿಟ್ಟಿಲ್ಲ; ಕಕ್ಷಿದಾರ ದುಡ್ಡು ಕೊಟ್ಟ, ಅವನು ಕೆಲಸ ಮಾಡಿದ. ನಮ್ಮ ಪ್ರಶ್ನೆ ಇಷ್ಟೇ: ಕೇರಿಯ ಬಾವಿಗೆ ವಕೀಲ ಯಾರು?

2019ರ ಮಳೆಗಾಲದಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ ತೋಟಗಳನ್ನು ಮುಚ್ಚಿ ಹಾಕಿತು. ಅದರ ಕರಿ ನೀರು ಫಲ್ಗುಣಿಗೆ ಸೇರಿತು. ಫಲ್ಗುಣಿಗೆ ಮರವೂರಿನಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನ ನೀರೇ ಬಜಪೆ ಕಡೆಯ ಊರುಗಳು ಕುಡಿಯುವ ನೀರು. ಪಟ್ಟಣದವರು ತಿಂದ ಕಸ, ಹಳ್ಳಿಯವರ ಕೊಡಪಾನದಲ್ಲಿ! ಆ ಕಸವನ್ನು ಕೈಯಲ್ಲಿ ಎತ್ತಿ ಲಾರಿಗೆ ತುಂಬಿದವರ ಜಾತಿ ಯಾವುದು ಅಂತ ನಿಮಗೆ ಹೇಳಬೇಕಾಗಿಲ್ಲ.

"ಪರಿಸರ ಅಂದ್ರೆ ಹುಲಿ, ಮರ, ಹಕ್ಕಿ, ಹೊಟ್ಟೆ ತುಂಬಿದವರ ಹವ್ಯಾಸ, ನಮಗ್ಯಾಕೆ?" ಅಂತ ಹಾಸ್ಟೆಲಿನ ಕೆಲವು ತಮ್ಮಂದಿರು ಕೇಳ್ತಾರೆ. ಕೇಳಿ, ತಪ್ಪಿಲ್ಲ. ಆದರೆ ಮಹಾಡ್ ಏನು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದರು, ಇದು ನಮಗೆಲ್ಲ ಬಾಯಿಪಾಠ. ಮುಂದಿನ ಕತೆ ನಮ್ಮ ಭಾಷಣಗಳಲ್ಲಿ ಬರೋದೇ ಇಲ್ಲ. ಮೇಲ್ಜಾತಿಯವರು ಕೆರೆ ಸಾರ್ವಜನಿಕದ್ದಲ್ಲ, ತಮ್ಮ ಖಾಸಗಿ ಸ್ವತ್ತು ಅಂತ ಕೋರ್ಟಿಗೆ ಹೋದರು. ಕೆರೆ ಯಾರದ್ದು ಅನ್ನುವ ಆ ವ್ಯಾಜ್ಯ ಹತ್ತು ವರ್ಷ ನಡೆದು, 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮವರ ಪರ ತೀರ್ಪಾಯಿತು. ನೀರಿನ ಹಕ್ಕಿಗೆ ಮೆರವಣಿಗೆಯೂ ಬೇಕಾಯ್ತು, ವಕಾಲತ್ತೂ ಬೇಕಾಯ್ತು.

ನಮ್ಮ ಜಿಲ್ಲೆಯಲ್ಲಿ ಡಿ.ಸಿ. ಮನ್ನಾ ಭೂಮಿಯದ್ದೂ ಅದೇ ಪಾಡು. ಮದರಾಸು ಸರ್ಕಾರದ ಕಾಲದಲ್ಲಿ ದಲಿತರಿಗೆಂದೇ ಮೀಸಲಿಟ್ಟ ಜಮೀನು. ಅದನ್ನು ಹಂಚಿ ಅಂತ ಕೂಗಿ ಕೂಗಿ ಗಂಟಲು ಒಣಗಿದೆ. ಕೂಗಿನ ಜತೆ ಸರ್ವೆ ನಂಬರು ಹಿಡಿದು ಹೋಗುವವನು ಬೇಕು.

ಕಾನೂನು ಓದುವ ಹುಡುಗ ಹುಡುಗಿಯರೇ, ಕ್ಯಾಲೆಂಡರ್ ನೋಡೋದು ಕಲೀರಿ. ಕೆ.ಐ.ಎ.ಡಿ.ಬಿ.ಯವರು 1966ರ ಕಾಯ್ದೆಯ 28ನೇ ಕಲಮಿನಲ್ಲಿ ನೋಟೀಸು ಕೊಟ್ಟರೆ ಆಕ್ಷೇಪಕ್ಕೆ ಮೂವತ್ತು ದಿನವಾದರೂ ಕೊಡಬೇಕು. 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆಗೂ ಮೂವತ್ತು ದಿನ ಮೊದಲೇ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಹಸಿರು ನ್ಯಾಯಮಂಡಳಿಗೆ ತಕರಾರು ಹೊತ್ತು ಹೋಗಲು ಆರು ತಿಂಗಳು, ಪರಿಹಾರ ಕೇಳಲು ಐದು ವರ್ಷ. ಅನುಮತಿಯ ಮೇಲೆ ಅಪೀಲಿಗಾದರೆ ಮೂವತ್ತೇ ದಿನ; ತಕ್ಕ ಕಾರಣ ತೋರಿಸಿದರೆ ಇನ್ನೊಂದು ಅರವತ್ತು. ಕಂಪೆನಿಯ ವಕೀಲ ಈ ದಿನಗಳನ್ನು ಬೆರಳಲ್ಲಿ ಎಣಿಸ್ತಾನೆ. ನಾವು ಮನವಿ ಪತ್ರ ಕೊಟ್ಟು, ಫೋಟೋ ತೆಗೆಸಿಕೊಂಡು, ಸಾಹೇಬರ ಉತ್ತರಕ್ಕೆ ಕಾಯ್ತಾ ಕೂರ್ತೇವೆ. ಅಷ್ಟರಲ್ಲಿ ಗಡುವು ಸತ್ತಿರುತ್ತೆ.

ದುಡ್ಡೆಲ್ಲಿ ಅಂತೀರಾ? ಪರಿಹಾರ ಕೇಳದ ಅರ್ಜಿಗೆ ಹಸಿರು ನ್ಯಾಯಮಂಡಳಿಯ ಫೀಸು ಒಂದು ಸಾವಿರ ರೂಪಾಯಿ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಪುಕ್ಕಟೆ, ಆದಾಯದ ಸರ್ಟಿಫಿಕೇಟು ಬೇಡ. ನಿಜವಾದ ಅಡ್ಡಿ ಬೇರೆ. ನಮ್ಮ ಪೀಠ ಇರೋದು ಚೆನ್ನೈಯಲ್ಲಿ, ಕಲಾಪ ಇಂಗ್ಲಿಷಿನಲ್ಲಿ. ಪೆರ್ಮುದೆಯ ಅಜ್ಜಿ ತುಳುವಿನಲ್ಲಿ ಹೇಳಿದ ಬಾವಿಯ ಕತೆ ಅಲ್ಲಿ ಅಫಿಡವಿಟ್ ಆಗಬೇಕು. ಅದನ್ನು ಬರೆಯೋದು ಯಾರು? ಹಾಸ್ಟೆಲಿನಲ್ಲಿ ಅನ್ನ ಉಂಡು, ಇಂಗ್ಲಿಷು ಕಲಿತು, ಸನ್ನದು ಪಡೆದು ಕಂಪೆನಿಯ ಕಚೇರಿಗೆ ಅರ್ಜಿ ಹಾಕ್ತಾ ಇರುವ ನೀವೇ ತಾನೇ?

ಹೊಟ್ಟೆಪಾಡು ಬಿಡಿ ಅಂತ ನಾವು ಹೇಳೋದಿಲ್ಲ. ಮನೆಯಲ್ಲಿ ಕಾಯುವ ತಾಯಿ ನಮಗೂ ಇದ್ದಾಳೆ. ವಾರದಲ್ಲಿ ಒಂದು ದಿನ ಕೊಡಿ. ಪ್ರತಿ ಹಾಸ್ಟೆಲಿನಲ್ಲಿ ಇಬ್ಬರಾದರೂ ತಮ್ಮ ತಾಲ್ಲೂಕಿನ ಅಧಿಸೂಚನೆಗಳನ್ನು ಓದಿ, ಗಡುವಿನ ತಾರೀಖನ್ನು ಕೇರಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೀರಿ. ಮುಂದಿನ ಸಾರ್ವಜನಿಕ ವಿಚಾರಣೆಯಲ್ಲಿ ಹಿಂದಿನ ಬೆಂಚಿನಲ್ಲಿ ನಿಂತು ಘೋಷಣೆ ಕೂಗಿದ್ದು ಸಾಲದು. ಎದುರಿನ ಮೈಕಿಗೆ ಹೋಗಿ, ವರದಿಯ ಪುಟ ತೆರೆದು, ಈ ಊರಿನ ಕೂಲಿಯವರ ಮನೆಗಳು ಯಾವ ಪುಟದಲ್ಲಿವೆ ಸ್ವಾಮಿ ಅಂತ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸದೆ ಕೂರಬೇಡಿ.