ಗ್ರಾಮಾಂತರ ಕಬಡ್ಡಿ: ಪ್ರತಿಭೆಗೆ ಬರವಿಲ್ಲ, ಗುರುವಿಗೆ ಬರ

ಬೆಂಗಳೂರು: ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಊರುಬಾಗಿಲಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬ್ಯಾನರ್‌ಗಳು ಏಳುತ್ತವೆ. ಆಡುವ ಹುಡುಗರಿಗೂ ನೋಡುವ ಜನರಿಗೂ ಕೊರತೆಯಿಲ್ಲ. ಆದರೆ ಹೋಬಳಿ ಮಟ್ಟದಲ್ಲಿ ಮಿಂಚಿದ ಹುಡುಗರಲ್ಲಿ ಬಹುಪಾಲಿನವರ ಆಟ ತಾಲ್ಲೂಕು, ಜಿಲ್ಲೆಯ ಗಡಿಯಲ್ಲೇ ನಿಂತುಬಿಡುತ್ತದೆ. ಎಲ್ಲರೂ ಮೇಲಕ್ಕೇರುವುದು ಯಾವ ಕ್ರೀಡೆಯಲ್ಲೂ ಸಾಧ್ಯವಿಲ್ಲ ನಿಜ. ಆದರೆ ಯಾರು ಏರುತ್ತಾರೆ ಎಂಬುದನ್ನು ಪ್ರತಿಭೆಗಿಂತ ಹೆಚ್ಚಾಗಿ ಸಿಕ್ಕ ತರಬೇತುದಾರ ನಿರ್ಧರಿಸುವಂತಿದ್ದರೆ ಅದು ಚಿಂತಿಸಬೇಕಾದ ವಿಷಯ.

ಇದು ಹೆಚ್ಚು ಅನ್ವಯಿಸುವುದು ರೈಡರ್‌ಗೆ. ಎದುರಾಳಿಗಳು ಏಳು ಮಂದಿ, ಕೈಯಲ್ಲಿರುವುದು 30 ಸೆಕೆಂಡು. ಆರು ಅಥವಾ ಏಳು ರಕ್ಷಕರಿದ್ದರೆ ಬೋನಸ್ ಗೆರೆ ಮುಟ್ಟುವುದೇ, ಮೂವರೇ ಉಳಿದಿದ್ದರೆ ಸೂಪರ್ ಟ್ಯಾಕಲ್‌ನ ಬಲೆಯಿಂದ ದೂರವಿರುವುದೇ, ಸತತ ಎರಡು ಖಾಲಿ ದಾಳಿಗಳ ನಂತರದ 'ಮಾಡು ಇಲ್ಲವೇ ಮಡಿ' ದಾಳಿಯಲ್ಲಿ ಯಾರತ್ತ ನುಗ್ಗುವುದು ಎಂಬುದನ್ನೆಲ್ಲ ಅವನೊಬ್ಬನೇ ಉಸಿರು ಬಿಗಿಹಿಡಿದು ತೀರ್ಮಾನಿಸಬೇಕು. ಕಾಲಿನ ವೇಗ ಹುಟ್ಟಿನಿಂದ ಬರಬಹುದು. ಈ ಲೆಕ್ಕಾಚಾರ ಮಾತ್ರ ಕಲಿಸದೆ ಬರುವುದಿಲ್ಲ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇಂಥದೇ ಹೊಣೆ ಹೊರುವವನು ಕ್ವಾರ್ಟರ್‌ಬ್ಯಾಕ್. ಪ್ರತಿ ಆಟದಲ್ಲೂ ಚೆಂಡು ಮೊದಲು ಬರುವುದು ಅವನ ಕೈಗೆ. 2016ರಲ್ಲಿ ಮೊದಲ ಆಯ್ಕೆಯಾಗಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಸೇರಿದ ಜೇರೆಡ್ ಗಾಫ್, ಆ ವರ್ಷ ಆರಂಭಿಕನಾಗಿ ಆಡಿದ ಏಳು ಪಂದ್ಯಗಳನ್ನೂ ಸೋತರು. ಮರುವರ್ಷ ಶಾನ್ ಮೆಕ್‌ವೇ ತರಬೇತುದಾರರಾಗಿ ಬಂದರು. 2019ರ ಫೆಬ್ರುವರಿಯಲ್ಲಿ ಅದೇ ಗಾಫ್ ಸೂಪರ್ ಬೌಲ್ ಫೈನಲ್‌ನಲ್ಲಿ ತಂಡ ಮುನ್ನಡೆಸುತ್ತಿದ್ದರು. ಎರಡೂವರೆ ವರ್ಷದಲ್ಲಿ ಅವರ ತೋಳಿನ ಬಲ ಇಮ್ಮಡಿಯಾಗಲಿಲ್ಲ. ಆ ತೋಳನ್ನು ಬಳಸಿಕೊಳ್ಳುವ ಕ್ರಮ ಬದಲಾಯಿತು.

ಕನ್ನಡಿಗರು ಕಣ್ಣಾರೆ ಕಂಡ ನಿದರ್ಶನ ಪವನ್ ಸೆಹ್ರಾವತ್ ಅವರದು. 2016ರಲ್ಲಿ ಬೆಂಗಳೂರು ಬುಲ್ಸ್ ಮೂಲಕ ಪ್ರೊ ಕಬಡ್ಡಿ ಪ್ರವೇಶಿಸಿದ ಅವರಿಗೆ, 2017ರಲ್ಲಿ ಗುಜರಾತ್ ತಂಡದಲ್ಲಿ ಅಂಗಣಕ್ಕಿಳಿಯುವ ಅವಕಾಶ ಸಿಕ್ಕಿದ್ದೇ ಅಪರೂಪ. 2018ರಲ್ಲಿ ರಣಧೀರ್ ಸಿಂಗ್ ಅವರ ಗರಡಿಗೆ ಮರಳಿದಾಗ ಮುಖ್ಯ ರೈಡರ್ ಹೊಣೆ ಸಿಕ್ಕಿತು. ಆ ಋತುವಿನಲ್ಲಿ ಅವರು 271 ರೈಡ್ ಅಂಕ ಕಲೆಹಾಕಿದರು. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ 22 ಅಂಕ ಗಳಿಸಿ, 38-33ರಿಂದ ಬುಲ್ಸ್‌ಗೆ ಪ್ರಶಸ್ತಿ ತಂದುಕೊಟ್ಟರು. ಶ್ರೇಯವೆಲ್ಲ ತರಬೇತುದಾರನದೇ ಎನ್ನಲಾಗದು. ಆದರೆ ಸೋತರೂ ಮತ್ತೆ ಕಳುಹಿಸುತ್ತಾರೆ ಎಂಬ ಭರವಸೆ ಯುವ ರೈಡರ್‌ಗೆ ಎಷ್ಟು ದೊಡ್ಡ ಬಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಇನ್ನೊಂದು ಮಾದರಿ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅವರದು. ಅವರ ಮಾರ್ಗದರ್ಶನದಲ್ಲಿ ಬೆಂಗಾಲ್ ವಾರಿಯರ್ಸ್ 2019ರಲ್ಲಿ ಪ್ರಶಸ್ತಿ ಗೆದ್ದಿತು. ಪುಣೇರಿ ಪಲ್ಟನ್ 2022ರಲ್ಲಿ ಫೈನಲ್ ತಲುಪಿ ಸೋತು, 2024ರ ಮಾರ್ಚ್ 1ರಂದು ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಮಣಿಸಿತು. ಒಬ್ಬನೇ ತಾರೆಯ ಮೇಲೆ ಭಾರ ಹೇರದೆ ಅಸ್ಲಾಂ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಅವರಂಥ ಯುವಕರ ನಡುವೆ ಹಂಚಿದ್ದು ಆ ತಂಡದ ವೈಶಿಷ್ಟ್ಯ. ರಮೇಶ್ 2025ರಲ್ಲಿ ಬುಲ್ಸ್ ಹೊಣೆ ಹೊತ್ತರು. ಅದರ ಹಿಂದಿನ ಋತುವಿನ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕೆ ಕುಸಿದಿದ್ದ ತಂಡ ಪ್ಲೇಆಫ್ ತಲುಪಿತು. ಆಟಗಾರರೂ ಬದಲಾಗಿದ್ದರೆಂಬುದನ್ನು ಮರೆಯುವಂತಿಲ್ಲ. ಆದರೂ ಅಂತರ ಕಣ್ಣಿಗೆ ರಾಚುವಂತಿದೆ.

ಹಳ್ಳಿಯ ಹುಡುಗನ ಪಾಡು

ಈ ಮಟ್ಟದ ಮಾರ್ಗದರ್ಶನ ಹಳ್ಳಿಯ ಹದಿನಾಲ್ಕರ ಹುಡುಗನಿಗೆ ಎಲ್ಲಿ ಸಿಗಬೇಕು? ಶಾಲೆಯಲ್ಲಿ ಅವನ ಮೊದಲ ಗುರು ದೈಹಿಕ ಶಿಕ್ಷಕ. ಹುದ್ದೆ ಭರ್ತಿಯಾಗಿದ್ದರೂ ಓಟ, ಜಿಗಿತ, ಕೊಕ್ಕೊ, ವಾಲಿಬಾಲ್ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳಬೇಕು. ಕ್ರೀಡಾಕೂಟದ ದಿನಾಂಕ ಹತ್ತಿರವಾದಾಗ ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿ ಹತ್ತು ದಿನ ಆಡಿಸುವುದೇ ತರಬೇತಿ ಎನಿಸಿಕೊಳ್ಳುತ್ತದೆ. ಶಾಲೆಯ ಹೊರಗೆ ಊರಿನ ಹಿರಿಯ ಆಟಗಾರನೇ ಗುರು. ಅವನ ನಿಷ್ಠೆ ಪ್ರಶ್ನಾತೀತ. ಆದರೆ ಅವನು ಕಲಿತದ್ದು ಮಣ್ಣಿನ ಅಂಕಣದಲ್ಲಿ, ಬರಿಗಾಲಿನಲ್ಲಿ. ಇಂದಿನ ಆಯ್ಕೆ ಪಂದ್ಯಗಳು ನಡೆಯುವುದು ಮ್ಯಾಟ್ ಮೇಲೆ, ಶೂ ತೊಟ್ಟು. ಮಣ್ಣಿನಲ್ಲಿ ಜಾರುವ ಕಾಲು ಮ್ಯಾಟಿನಲ್ಲಿ ಕಚ್ಚಿಕೊಳ್ಳುತ್ತದೆ; ತಿರುಗುವಾಗ ಭಾರವೆಲ್ಲ ಮಂಡಿಗೆ ಬೀಳುತ್ತದೆ.

ಇಲ್ಲಿರುವುದು ಅಂಕಗಳ ಪ್ರಶ್ನೆಯಷ್ಟೇ ಅಲ್ಲ, ದೇಹದ ಪ್ರಶ್ನೆ. 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಸೇರಿದ್ದ ಪವನ್ 2022ರ ಅಕ್ಟೋಬರ್‌ನಲ್ಲಿ ಮೊದಲ ಪಂದ್ಯದಲ್ಲೇ ಮಂಡಿ ನೋವಿಗೆ ತುತ್ತಾಗಿ ಇಡೀ ಋತು ಹೊರಗುಳಿದರು. ಅವರಿಗೆ ವೈದ್ಯರು, ಫಿಸಿಯೋಗಳಿದ್ದರು, ಚೇತರಿಸಿಕೊಂಡು ಮರಳಿದರು. ಅದೇ ಪೆಟ್ಟು ಬಿದ್ದ ಹಳ್ಳಿಯ ಹುಡುಗ ಎಣ್ಣೆ ನೀವಿಸಿಕೊಂಡು ಮುಂದಿನ ವಾರ ಮತ್ತೆ ಅಂಕಣಕ್ಕಿಳಿಯುತ್ತಾನೆ. ತೂಕದ ಮಿತಿಯೊಳಗೆ ಬರಲು ಊಟ, ನೀರು ಬಿಡಿಸುವ ತರಬೇತುದಾರರ ಕೈಗೆ ಸಿಕ್ಕರಂತೂ ಬೆಳೆಯುವ ವಯಸ್ಸಿನ ದೇಹಕ್ಕೆ ಆಗುವ ಹಾನಿ ಪದಕದಿಂದ ತುಂಬಿಬರುವಂಥದಲ್ಲ. ಪೊಲೀಸ್, ರೈಲ್ವೆಯ ಕ್ರೀಡಾ ಕೋಟಾದ ನೌಕರಿಯನ್ನೇ ನೆಚ್ಚಿಕೊಂಡ ಕುಟುಂಬಕ್ಕೆ ಮಂಡಿ ಹೋದರೆ ಬದುಕಿನ ದಾರಿಯೇ ಹೋದಂತೆ.

ವಿಪರ್ಯಾಸವೆಂದರೆ, ದೇವನಹಳ್ಳಿ ವಿಮಾನ ನಿಲ್ದಾಣದ ಸಮೀಪ ಬಿಸಿಸಿಐ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಉತ್ಕೃಷ್ಟತಾ ಕೇಂದ್ರವನ್ನು ಉದ್ಘಾಟಿಸಿತು. ಮೂರು ಮೈದಾನಗಳ ಜತೆಗೆ ಗಾಯಾಳುಗಳ ಪುನಶ್ಚೇತನಕ್ಕೂ ಅಲ್ಲಿ ವ್ಯವಸ್ಥೆಯಿದೆ. ಕ್ರಿಕೆಟ್ ಮಂಡಳಿಯ ಹಣಬಲವನ್ನು ಕಬಡ್ಡಿಯಿಂದ ನಿರೀಕ್ಷಿಸಲಾಗದು. ಆದರೆ ತರಬೇತಿಯೆಂದರೆ ವಿಜ್ಞಾನ ಎಂಬ ಅರಿವು ಅದರ ಬೇಲಿಯಾಚೆಯ ಹಳ್ಳಿಗಳಿಗೂ ಹರಿಯಬೇಕಲ್ಲವೇ?

ಪರಿಹಾರಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ತರಬೇತುದಾರರನ್ನು ತಯಾರು ಮಾಡುತ್ತಿದೆ; ಅದರ ದಕ್ಷಿಣ ಕೇಂದ್ರ ಬೆಂಗಳೂರಿನಲ್ಲೇ ಇದೆ. ದೈಹಿಕ ಶಿಕ್ಷಕರಿಗೂ ಊರಿನ ಹಿರಿಯ ಆಟಗಾರರಿಗೂ ಬೇಸಿಗೆ ರಜೆಯಲ್ಲಿ ಕಿರು ತರಬೇತಿ, ಹೋಬಳಿಗೊಂದು ಮ್ಯಾಟ್, ತಾಲ್ಲೂಕಿಗೊಬ್ಬ ಅರ್ಹ ಕಬಡ್ಡಿ ತರಬೇತುದಾರ, ಆತ ವರ್ಷವಿಡೀ ಶಾಲೆಗಳ ನಡುವೆ ತಿರುಗುವ ಏರ್ಪಾಡು: ಇಷ್ಟರಿಂದಲೇ ಆರಂಭಿಸಬಹುದು. ಬಾಲಕಿಯರಿಗೆ ಮಹಿಳಾ ತರಬೇತುದಾರರು ದೊರೆತರೆ ಮಗಳನ್ನು ಅಂಗಣಕ್ಕೆ ಕಳುಹಿಸಲು ಹಿಂಜರಿಯುವ ಪೋಷಕರ ಆತಂಕವೂ ತಗ್ಗೀತು. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಅವರಂಥ ಅರ್ಜುನ ಪ್ರಶಸ್ತಿ ವಿಜೇತರನ್ನು ಕೊಟ್ಟ ರಾಜ್ಯ ಇದು.

ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿತು. ಹೆಸರು ಬದಲಾದ ಮಾತ್ರಕ್ಕೆ ಹಳ್ಳಿಯ ಅಂಕಣ ಬದಲಾಗದು. ಪಂದ್ಯಾವಳಿಯ ಟ್ರೋಫಿಗೆ, ಧ್ವನಿವರ್ಧಕಕ್ಕೆ, ಬ್ಯಾನರ್‌ಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ. ಆ ಹಣದ ಒಂದು ಪಾಲು ತರಬೇತುದಾರನ ಸಂಬಳಕ್ಕೆ ಸಂದರೆ, ಮುಂದಿನ ಋತುವಿನ ಹರಾಜಿನಲ್ಲಲ್ಲದಿದ್ದರೂ ಮುಂದಿನ ದಶಕದ ಹರಾಜಿನಲ್ಲಿ ಈ ತಾಲ್ಲೂಕುಗಳ ಹೆಸರು ಕೇಳಿಬರಬಹುದು.