ಗಟ್ಟಿ ಸಸ್ಪೆನ್ಷನ್ ಅಂದ್ರೆ ಒಳ್ಳೆ ಹ್ಯಾಂಡ್ಲಿಂಗ್ ಅಲ್ಲ ಮಾರಾಯ್ರೇ

ಭಾಗ 1

ಫೋಟೋದಲ್ಲಿ ಕಾಣ್ತಿರೋದು ಅಪ್ಪನ 2014ರ ಹೋಂಡಾ ಸಿಟಿ. ಚಕ್ರ ಮತ್ತೆ ಫೆಂಡರ್ ಮಧ್ಯೆ ಗ್ಯಾಪೇ ಇಲ್ಲ ನೋಡಿ. ಹೋದ ವರ್ಷ ಈ ಫೋಟೋ ಹಾಕಿದಾಗ ಕ್ಲಾಸಿನ ಅರ್ಧ ಜನ ಬೆಂಕಿ ಇಮೋಜಿ ಒತ್ತಿದ್ರಿ. "ಎಲ್ಲಿ ಮಾಡ್ಸಿದ್ದು, ಎಷ್ಟಾಯ್ತು" ಅಂತ ಇವತ್ತಿಗೂ ಕೇಳ್ತೀರಿ. ಅದಕ್ಕೇ ಇದನ್ನ ಬರೀತಿರೋದು. ಆ ಕಾರು ಈಗ ಹಾಗಿಲ್ಲ. ನಾನೇ ವಾಪಸ್ ಎತ್ತರಿಸಿದೆ.

ಮೊದಲು ನಿಜ ಒಪ್ಕೋತೀನಿ. ಲೋವರಿಂಗ್ ಸ್ಪ್ರಿಂಗ್ ಹಾಕಿದ ಮೊದಲ ದಿನ ಮಜಾ ಇತ್ತು. ಆಗುಂಬೆ ಘಾಟಿಯ 14 ತಿರುವನ್ನ ಒಬ್ಬನೇ ಇಳಿದೆ. ಮೊದಲು ದೋಣಿ ಥರ ವಾಲ್ತಿದ್ದ ಕಾರು ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗಿಸ್ತಿತ್ತು. "ಫ್ಯಾಮಿಲಿ ಸೆಡಾನ್‌ಗೆ ಯಾಕಯ್ಯಾ ಇದೆಲ್ಲ" ಅಂತ ಬೈಯೋರ ಪೈಕಿ ನಾನಲ್ಲ. ಚೆನ್ನಾಗಿ ತಿರುಗೋ ಕಾರು ಸೇಫ್ ಕೂಡ ಹೌದು. ನನ್ನ ತಕರಾರು ಆಸೆ ಮೇಲಲ್ಲ, ನಾವು ಅದನ್ನ ತೀರಿಸ್ಕೊಳ್ಳೋ ರೀತಿ ಮೇಲೆ.

ಎರಡನೇ ವಾರ ಮಳೆ ಶುರುವಾಯ್ತು. ಅದೇ ಘಾಟಿ, ಅದೇ ತಿರುವು, ಆದ್ರೆ ಡಾಂಬರು ಅಲ್ಲಲ್ಲಿ ಕಿತ್ತಿತ್ತು. ತಿರುವಿನ ಮಧ್ಯೆ ಒಂದು ಗುಂಡಿ ಸಿಕ್ತು. ಹಿಂದಿನ ಚಕ್ರ ಹಾರಿ ಒಂದಡಿ ಪಕ್ಕಕ್ಕೆ ಕೂತ್ಕೊಂತು. ಆ ಕಡೆಯಿಂದ ಬಸ್ ಬರ್ತಿರಲಿಲ್ಲ, ಅಷ್ಟೇ ಪುಣ್ಯ.

ಭಾಗ 2

ಆಗಿದ್ದೇನು? ಸ್ಪ್ರಿಂಗ್ ಶಕ್ತಿಯನ್ನ ಹಿಡಿದಿಟ್ಕೊಳ್ಳುತ್ತೆ. ಶಾಕ್ ಅಬ್ಸಾರ್ಬರ್ ಅದನ್ನ ಬಿಸಿ ಮಾಡಿ ಕಳೆಯುತ್ತೆ. ಇವೆರಡೂ ಜೋಡೆತ್ತು. ನಾನು ಗಟ್ಟಿ ಸ್ಪ್ರಿಂಗ್ ಹೊಸದು ಹಾಕ್ಸಿ, 88 ಸಾವಿರ ಕಿಲೋಮೀಟರ್ ಓಡಿದ ಹಳೇ ಶಾಕ್ ಹಾಗೇ ಬಿಟ್ಟೆ. ದುಡ್ಡಿರಲಿಲ್ಲ, ನಿಜ ಹೇಳ್ತೀನಿ. ಗ್ಯಾರೇಜಿನವರೂ "ಏನಾಗಲ್ಲ ಬಿಡಿ" ಅಂದ್ರು. ಗಟ್ಟಿ ಸ್ಪ್ರಿಂಗ್ ವಾಪಸ್ ಒದೆಯೋದನ್ನ ಸವೆದ ಶಾಕ್ ತಡೆಯೋಕಾಗಲ್ಲ. ಚಕ್ರ ಕುಣಿಯುತ್ತೆ. ಕುಣಿಯೋ ಚಕ್ರಕ್ಕೆ ರಸ್ತೆ ಮೇಲೆ ಹಿಡಿತ ಎಲ್ಲಿಂದ ಬರ್ಬೇಕು?

ಇನ್ನೊಂದು ವಿಷಯ. ಇದನ್ನ ಓದಿದಾಗ ನನಗೇ ನಗು ಬಂತು. ಕಾರು 35 ಮಿ.ಮೀ. ಇಳಿದ್ರೆ ಬಾಡಿಯ ಭಾರದ ಕೇಂದ್ರವೂ ಅಷ್ಟೇ ಇಳಿಯುತ್ತೆ. ಆದ್ರೆ ನಮ್ಮ ಸೆಡಾನ್‌ಗಳ ಮುಂದೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಲೋವರ್ ಆರ್ಮ್‌ನ ಕೋನ ಬದಲಾಗಿ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತೆ. ಕಾರನ್ನ ವಾಲಿಸೋ ಸನ್ನೆಕೋಲು ಅಂದ್ರೆ ಇವೆರಡರ ಮಧ್ಯದ ಅಂತರ. ಅಂದ್ರೆ ವಾಲೋದನ್ನ ನಿಲ್ಲಿಸೋಕೆ ಅಂತ ಇಳಿಸಿ, ಆ ಸನ್ನೆಕೋಲನ್ನೇ ಉದ್ದ ಮಾಡಿದ್ದೆ! ಸ್ಪ್ರಿಂಗ್ ಗಟ್ಟಿ ಇದ್ದಿದ್ರಿಂದ ಗೊತ್ತಾಗಲಿಲ್ಲ.

ಸ್ಪ್ರಿಂಗ್ ಕಟ್ ಮಾಡಿಸೋರಿಗೆ ಒಂದೇ ಮಾತು: ದಯವಿಟ್ಟು ಬೇಡ ಗುರು. 6 ಸುರುಳಿಯಲ್ಲಿ 1 ಕತ್ತರಿಸಿದ್ರೆ ಸ್ಪ್ರಿಂಗ್ ಸುಮಾರು 20% ಗಟ್ಟಿಯಾಗುತ್ತೆ, ಸರಿ. ಆದ್ರೆ ಕತ್ತರಿಸಿದ ತುದಿ ಸೀಟಲ್ಲಿ ಸರಿಯಾಗಿ ಕೂರಲ್ಲ, ಬಂಪ್ ಸ್ಟಾಪ್‌ಗೆ ಇರೋ ಜಾಗವೂ ಕಮ್ಮಿಯಾಗುತ್ತೆ. ಆಮೇಲೆ ಗುಂಡಿಗೆ ಬಿದ್ದಾಗ ಸಸ್ಪೆನ್ಷನ್ ಕೆಲಸ ಮಾಡ್ತಿರೋದು ಒಂದು ರಬ್ಬರ್ ತುಂಡು.

ಭಾಗ 3

ಈಗ ಹಂಪ್ ವಿಷಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರ್ಬೇಕು. ನಮ್ಮೂರ ಹಂಪ್ ಆ ಪುಸ್ತಕ ಓದಿಲ್ಲ. ಸಿಟಿಯ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಇದ್ದಾಗ 165 ಮಿ.ಮೀ. ಅದರಲ್ಲಿ 35 ಕಳೀರಿ, ಐದು ಜನ ಕೂರ್ಸಿ, ಡಿಕ್ಕಿಗೆ ಎರಡು ಮೂಟೆ ಅಕ್ಕಿ ಹಾಕಿ. ಉಳಿಯೋದೆಷ್ಟು ಅಂತ ನೀವೇ ಹೇಳಿ.

ನಮ್ಮಜ್ಜಿಯನ್ನ ತಿಂಗಳಿಗೊಂದ್ಸಲ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಚೆಕಪ್‌ಗೆ ಕರ್ಕೊಂಡು ಹೋಗ್ಬೇಕು. ಸ್ಪ್ರಿಂಗ್ ಹಾಕ್ಸಿದ ಮೇಲೆ ಮೂರು ಹಂಪ್ ಹತ್ರ ಅಮ್ಮ, ಅಜ್ಜಿ ಇಬ್ರೂ ಕೆಳಗಿಳಿದು ನಡ್ಕೊಂಡು ದಾಟ್ತಿದ್ರು. ಹಂಪ್ ಕೆಳಗೆ ತಾಗಿದಾಗ ಬರೋ ಕರ್ರ್ ಅನ್ನೋ ಸದ್ದಿಗಿಂತ, ಸೊಂಟದ ಬೆಲ್ಟ್ ಕಟ್ಟಿಕೊಂಡು ರಸ್ತೆ ಬದಿ ನಡೆಯೋ ಅಜ್ಜಿಯನ್ನ ಕನ್ನಡಿಯಲ್ಲಿ ನೋಡೋದು ಕಷ್ಟ. ಮೂರನೇ ತಿಂಗಳು ಅಜ್ಜಿ ಹೇಳಿದ್ರು, "ನೀನು ಕಾಲೇಜಿಗೆ ಹೋಗು ಮಗಾ. ನಾನೂ ನಿನ್ನಮ್ಮನೂ ಬಸ್ಸಲ್ಲೇ ಹೋಗ್ತೀವಿ, ಬಸ್ಸೇ ಆರಾಮ." ಬೈದಿದ್ರೆ ಪರವಾಗಿರ್ಲಿಲ್ಲ.

ಅಪ್ಪ ಒಂದು ಮಾತೂ ಆಡ್ಲಿಲ್ಲ. ಕಾರಿನ ಕೀಲಿಯನ್ನ ಟಿವಿ ಪಕ್ಕದ ಮೊಳೆಗೆ ನೇತುಹಾಕಿ ಬೈಕಲ್ಲಿ ಓಡಾಡೋಕೆ ಶುರು ಮಾಡಿದ್ರು.

ಭಾಗ 4

ಸ್ಪೋರ್ಟಿ ಆಗಿರ್ಬೇಕು ಅಂತಿದ್ರೆ ನಾನೀಗ ನಂಬೋ ಕ್ರಮ ಉಲ್ಟಾ. ಮೊದಲು ಟಯರ್. ಆಮೇಲೆ ಸವೆದ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್. ಹಳೇ ಕಾರು "ಮೆತ್ತಗಿದೆ" ಅನ್ಸೋದು ಎಷ್ಟೋ ಸಲ ಇವುಗಳಿಂದ. ನಂತರ ಶಾಕ್. ಮೂಲ ಸ್ಪ್ರಿಂಗ್ ಜೊತೆಗೇ ಒಳ್ಳೆ ಶಾಕ್ ಹಾಕಿ ನೋಡಿ, ಕಾರು ಒಂದು ಸಲ ಕೂತು ಎದ್ದು ಸುಮ್ಮನಾಗುತ್ತೆ. ಬಿಲ್‌ಸ್ಟೈನ್, ಕೋನಿ ಹೆಸರು ಎಲ್ಲರಿಗೂ ಗೊತ್ತು, ಆದ್ರೆ ನಿಮ್ಮ ಮಾಡೆಲ್‌ಗೆ ಸಿಗದಿದ್ರೆ ಕಂಪನಿಯದೇ ಹೊಸ ಸೆಟ್ ಹಾಕಿದ್ರೂ ಫರಕು ಗೊತ್ತಾಗುತ್ತೆ. ಕೊನೆಗೆ ಅಲೈನ್‌ಮೆಂಟ್. ಇದನ್ನ ಮಾತ್ರ ಯಾರೂ ಬಿಡ್ಬೇಡಿ.

ಇಷ್ಟಾದ್ರೂ ವಾಲೋದು ಜಾಸ್ತಿ ಅನ್ಸಿದ್ರೆ ಸ್ಟೆಬಿಲೈಸರ್ ಬಾರ್ ಬಗ್ಗೆ ಯೋಚ್ನೆ ಮಾಡಿ. ಅದರ ಗಟ್ಟಿತನ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತೆ. ಗಟ್ಟಿ ಸರಳು 20 ಮಿ.ಮೀ. ಇದ್ದದ್ದು 22 ಆದ್ರೆ ಸುಮಾರು 46% ಜಾಸ್ತಿ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತುವಾಗ ಅದು ಅಡ್ಡ ಬರಲ್ಲ, ಹಿಂದೆ ಕೂತೋರ ಸೊಂಟವೂ ಉಳಿಯುತ್ತೆ. ಆದ್ರೆ ಮುಂದಿನದನ್ನ ಮಾತ್ರ ದಪ್ಪ ಮಾಡಿದ್ರೆ ತಿರುವಲ್ಲಿ ಮೂತಿ ಹೊರಗೆ ಜಾರೋದು ಹೆಚ್ಚಾಗುತ್ತೆ, ತಿಳ್ಕೊಂಡೋರ ಹತ್ರ ಕೇಳಿ ಮಾಡಿ.

ಕಾನೂನು ಅಂತ ಕೇಳೋರಿಗೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಆರ್‌ಸಿಯಲ್ಲಿರೋ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಏನೇ ಮಾಡಿಸಿದ್ರೂ ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ, ಅಪಘಾತ ಆದ್ಮೇಲೆ ಅಲ್ಲ.

ದೀಪಾವಳಿ ರಜೆಯಲ್ಲಿ ಇಂಟರ್ನ್‌ಶಿಪ್ ದುಡ್ಡು ಪೂರ್ತಿ ಸುರಿದು ಮೂಲ ಸ್ಪ್ರಿಂಗ್, ಹೊಸ ಶಾಕ್, ಹೊಸ ಬುಷ್ ಹಾಕ್ಸಿದೆ. ಫೋಟೋದಲ್ಲಿ ಈಗ ಚೆನ್ನಾಗಿ ಕಾಣಲ್ಲ, ಗ್ಯಾಪ್ ಇದೆ. ಕಳೆದ ತಿಂಗಳು ಮಣಿಪಾಲಕ್ಕೆ ಹೋಗುವಾಗ ಅಜ್ಜಿ ಸೋಮೇಶ್ವರ ಬರೋಷ್ಟರಲ್ಲಿ ನಿದ್ದೆ ಹೋಗಿದ್ರು. ನಾನು ತಿರುವುಗಳನ್ನ ಹಾಗೇ ಸಲೀಸಾಗಿ ಇಳಿಸ್ಕೊಂಡು ಬಂದಿದ್ದೆ, ಮೊದಲಿಗಿಂತ ಒಂದು ಚೂರು ಜೋರಾಗೇ. ಕೀಲಿ ಮತ್ತೆ ಅಪ್ಪನ ಜೇಬಿಗೆ ಹೋಗಿದೆ.

ಆ ನಾಲ್ಕು ಸ್ಪ್ರಿಂಗ್ ಅಡಿಕೆ ಒಣಗಿಸೋ ಅಟ್ಟದಲ್ಲಿ ಬಿದ್ದಿವೆ. ಬೇಕು ಅಂತ ಡಿಎಂ ಮಾಡೋರು ಮೊದಲು ನಿಮ್ಮ ಕಾರಿನ ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ ಅಂತ ಬರೀರಿ, ಆಮೇಲೆ ರೇಟ್ ಮಾತಾಡೋಣ.